ಬುರಾನೊ: ಬಲೆಯ ಊರಿನಲ್ಲಿ ಸೂಜಿಯ ಕೆಲಸ

(ಧಾರವಾಡದ ಹೊಲಿಗೆ ತರಬೇತಿ ಕೇಂದ್ರವೊಂದರ ವಾರ್ಷಿಕ ಸಭೆಯಲ್ಲಿ ನಮ್ಮ ವರದಿಗಾರ್ತಿ ಈಚೆಗೆ ಮಾಡಿದ ಭಾಷಣದ ಬರಹ ರೂಪ)



ಕಸೂತಿಯ ಊರಿಗೆ ಬಂದು, ಅದೂ ನಿಮ್ಮ ಮುಂದೆ ನಿಂತು, ಸೂಜಿಯ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೇ ಸರಿ. ನನಗೆ ಹರಿದ ಗುಂಡಿ ಹಚ್ಚಲೂ ನೆಟ್ಟಗೆ ಬರುವುದಿಲ್ಲ. ನಮ್ಮ ಅವ್ವ ಇಪ್ಪತ್ತೈದು ವರ್ಷ ಇಳಕಲ್ ಸೀರೆಗಳಿಗೆ ಕಸೂತಿ ಹಾಕಿ ನನ್ನನ್ನು ಓದಿಸಿದಳು ಎಂಬುದೊಂದೇ ಈ ವೇದಿಕೆ ಹತ್ತಲು ನನಗಿರುವ ಅರ್ಹತೆ. ಪತ್ರಕರ್ತರ ತರಬೇತಿಯೊಂದಕ್ಕೆ ಇಟಲಿಗೆ ಹೋಗಿದ್ದಾಗ ಸಿಕ್ಕ ಒಂದು ಭಾನುವಾರದ ರಜೆಯಲ್ಲಿ ನಾನು ಕಂಡು ಬಂದ ಊರೊಂದರ ಕಥೆಯನ್ನು ನಿಮಗೆ ಹೇಳಬೇಕೆನಿಸಿತು. ಕೇಳಿದ ಮೇಲೆ ನನಗಿಂತ ಹೆಚ್ಚು ಅರ್ಥ ಆಗುವುದು ನಿಮಗೇ.

ಆ ಊರಿನ ಹೆಸರು ಬುರಾನೊ. ವೆನಿಸ್ ನಗರದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ರಸ್ತೆಯ ಬದಲು ಕಾಲುವೆ, ಬಸ್ಸಿನ ಬದಲು ದೋಣಿ ಇರುವ ಊರು. ಆ ವೆನಿಸ್ ಇರುವುದು ಸಮುದ್ರದಲ್ಲಲ್ಲ. ಸಮುದ್ರಕ್ಕೂ ನೆಲಕ್ಕೂ ನಡುವೆ, ಉದ್ದನೆಯ ಮರಳು ದಿಬ್ಬಗಳ ಹಿಂದೆ ನಿಂತ ಹಿನ್ನೀರಿನಲ್ಲಿ. ಆಳ ಬಹಳ ಇಲ್ಲ, ಎಷ್ಟೋ ಕಡೆ ಸೊಂಟದ ಮಟ್ಟ. ಈ ಹಿನ್ನೀರಿನ ಈಶಾನ್ಯ ಮೂಲೆಯಲ್ಲಿ, ವೆನಿಸ್‌ನಿಂದ ಏಳು ಕಿಲೋಮೀಟರ್ ದೂರದಲ್ಲಿ, ಸೇತುವೆಗಳಿಂದ ಒಂದಕ್ಕೊಂದು ಹೊಲಿದಂತಿರುವ ಕೆಲವು ಚಿಕ್ಕ ನಡುಗಡ್ಡೆಗಳೇ ಬುರಾನೊ. ಜನಸಂಖ್ಯೆ ಎರಡು ಸಾವಿರದ ಚಿಲ್ಲರೆ. ನಮ್ಮ ಕಡೆಯ ಒಂದು ಸಾಧಾರಣ ಹಳ್ಳಿಯಷ್ಟು.

ವೆನಿಸ್‌ನ ಉತ್ತರ ದಂಡೆಯಿಂದ 12ನೇ ನಂಬರಿನ ದೋಣಿ ಹಿಡಿಯಬೇಕು. ಅಲ್ಲಿ ಸಿಟಿ ಬಸ್ಸಿನಂತೆ ದೋಣಿಗಳಿಗೂ ನಂಬರು. ನಿಲ್ದಾಣ, ಟಿಕೆಟ್ಟು, ನೂಕುನುಗ್ಗಲು ಎಲ್ಲ ಉಂಟು. ಮೊದಲು ಸಿಗುವುದು ಸ್ಮಶಾನದ ದ್ವೀಪ. ಕೆಂಪು ಇಟ್ಟಿಗೆಯ ಗೋಡೆಯ ಒಳಗೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ಅದರ ನಂತರ ಗಾಜಿನ ಕೆಲಸಕ್ಕೆ ಹೆಸರಾದ ಮುರಾನೊ. ಆಮೇಲೆ ಬರೀ ನೀರು, ದೋಣಿಯ ದಾರಿ ತೋರಿಸಲು ಮೂರು ಮೂರಾಗಿ ಕಟ್ಟಿ ನೆಟ್ಟ ಮರದ ಗೂಟಗಳು, ಅವುಗಳ ಮೇಲೆ ಕುಳಿತ ಕಡಲಹಕ್ಕಿಗಳು. ಮುಕ್ಕಾಲು ಗಂಟೆಯ ಹೊತ್ತಿಗೆ ದೂರದಲ್ಲಿ ಒಂದು ಗೋಪುರ ಕಾಣುತ್ತದೆ. ನಮ್ಮ ದೋಣಿಯೇ ವಾಲಿದೆಯೇನೋ ಎಂದು ನಾನು ಹಿಡಿ ಹಿಡಿದುಕೊಂಡೆ. ವಾಲಿದ್ದು ದೋಣಿಯಲ್ಲ, ಗೋಪುರ. ಸಂತ ಮಾರ್ಟಿನ್ ಚರ್ಚಿನ ಈ ಗಂಟೆ ಗೋಪುರ 53 ಮೀಟರ್ ಎತ್ತರವಿದ್ದು, ಬುಡದ ಕೆಸರು ಕುಸಿದು ಸುಮಾರು 1.8 ಮೀಟರ್‌ನಷ್ಟು ಪಕ್ಕಕ್ಕೆ ಬಾಗಿದೆ. ಪೀಸಾ ಗೋಪುರಕ್ಕೆ ಸಿಕ್ಕ ಕೀರ್ತಿ ಇದಕ್ಕೆ ಸಿಗಲಿಲ್ಲ.

ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಣ್ಣು ಕುಕ್ಕುತ್ತದೆ. ಕಾಲುವೆಯ ಎರಡೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳು. ಒಂದು ಅರಿಸಿನ, ಪಕ್ಕದ್ದು ಕುಂಕುಮ, ಅದರಾಚೆಯದು ನೇರಳೆ, ಮುಂದಿನದು ಗಿಳಿಹಸಿರು. ಇಳಕಲ್ ಸೀರೆಗಳನ್ನು ಗೂಟಕ್ಕೆ ಸಾಲಾಗಿ ಒಣಹಾಕಿದಂತೆ. ಬಾಗಿಲಿಗೆ ಬಾಗಿಲು ಹಾಕುವ ಬದಲು ಪಟ್ಟೆಪಟ್ಟೆಯ ಬಟ್ಟೆಯ ಪರದೆ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಒಣಗಲು ಹಾಕಿದ ಅಂಗಿ, ಚಾದರ. ಮನೆಯ ಮುಂದೆಯೇ ಚಪ್ಪಟೆ ತಳದ ದೋಣಿ. ನಮ್ಮಲ್ಲಿ ಸೈಕಲ್ಲು ನಿಲ್ಲಿಸಿದ ಹಾಗೆ.

ಈ ಬಣ್ಣ ಯಾಕೆ? ಯಾರನ್ನು ಕೇಳಿದರೂ ಒಂದೇ ಉತ್ತರ. ಚಳಿಗಾಲದಲ್ಲಿ ಈ ಹಿನ್ನೀರಿನ ಮೇಲೆ ದಟ್ಟ ಮಂಜು ಕವಿಯುತ್ತದೆ, ಮೀನು ಹಿಡಿದು ಮರಳುವ ಬೆಸ್ತನಿಗೆ ತನ್ನ ಮನೆ ದೂರದಿಂದ ಗುರುತು ಸಿಗಲಿ ಎಂದು ಇಷ್ಟು ಗಾಢ ಬಣ್ಣ ಬಳಿದರಂತೆ. ಕಥೆ ಸೊಗಸಾಗಿದೆ. ಆದರೆ ಬೆಳಗಾವಿ ಕಡೆಯ ಮಂಜಿನಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಗೊತ್ತು, ಮಂಜಿನಲ್ಲಿ ಮೊದಲು ಮಾಯವಾಗುವುದೇ ಬಣ್ಣ. ಅಂಟಿಕೊಂಡ ಮನೆಗಳಲ್ಲಿ ನನ್ನ ಗೋಡೆ ಎಲ್ಲಿಗೆ ಮುಗಿಯಿತು, ನಿನ್ನದು ಎಲ್ಲಿ ಸುರುವಾಯಿತು ಎಂದು ತೋರಿಸಲು ಬೇರೆ ಬೇರೆ ಬಣ್ಣ ಬಳಿದರು ಎಂಬ ಇನ್ನೊಂದು ವಿವರಣೆ ಇದೆ. ನನಗೆ ಅದೇ ನಂಬುವಂತೆ ಕಂಡಿತು. ಅಣ್ಣತಮ್ಮಂದಿರ ಗೋಡೆ ಜಗಳ ಎಲ್ಲಾ ಊರಿನಲ್ಲೂ ಇದ್ದದ್ದೇ. ಇಂದಂತೂ ಬಣ್ಣ ಬಳಿಯುವುದು ಮನೆಯವನ ಇಷ್ಟಕ್ಕೆ ಬಿಟ್ಟದ್ದಲ್ಲ. ಅರ್ಜಿ ಹಾಕಬೇಕು, ಆ ಮನೆಗೆ ಯಾವ ಯಾವ ಬಣ್ಣ ಆದೀತು ಎಂದು ಅಧಿಕಾರಿಗಳು ತಿಳಿಸುತ್ತಾರೆ.

ಊರಿನ ದೊಡ್ಡ ಚೌಕಕ್ಕೆ ಗಾಲುಪ್ಪಿ ಎಂಬ ಸಂಗೀತಗಾರನ ಹೆಸರಿದೆ. 1706ರಲ್ಲಿ ಇಲ್ಲಿ ಹುಟ್ಟಿದ ಬಾಲ್ದಾಸ್ಸಾರೆ ಗಾಲುಪ್ಪಿ ರಷ್ಯಾದ ಮಹಾರಾಣಿ ಕ್ಯಾಥರೀನಳ ಆಸ್ಥಾನದವರೆಗೂ ಹೋಗಿ ಬಂದವನು. ಜನ ಅವನನ್ನು ಕರೆದದ್ದು ಊರಿನ ಹೆಸರಿನಿಂದಲೇ, ‘ಇಲ್ ಬುರಾನೆಲ್ಲೊ’ ಎಂದು. ಭೀಮಸೇನ ಜೋಶಿಯವರ ಗುರುಗಳನ್ನು ನಾವು ಸವಾಯಿ ಗಂಧರ್ವ ಎಂದರೆ, ಕುಂದಗೋಳದ ಮಂದಿ ಊರಿನ ಹೆಸರು ಸೇರಿಸಿ ಹೇಳುವುದಿಲ್ಲವೇ, ಹಾಗೆ. ಅದೇ ಚೌಕದಲ್ಲಿ ಹಿಂದಿನ ಕಾಲದ ಆಡಳಿತಾಧಿಕಾರಿಯ ಅರಮನೆ ಇದೆ. ನಾನು ನೋಡಲು ಹೋದದ್ದು ಅದನ್ನೇ. ಈಗ ಅದು ಲೇಸಿನ ವಸ್ತುಸಂಗ್ರಹಾಲಯ.

ಲೇಸ್ ಎಂದರೆ ನಮಗೆ ನೆನಪಾಗುವುದು ಪೆಟಿಕೋಟಿನ ಅಂಚಿಗೆ ಹಚ್ಚುವ ಮೀಟರ್ ಲೆಕ್ಕದ ಪಟ್ಟಿ, ಇಲ್ಲವೇ ಕ್ರೋಶಾ ಕಡ್ಡಿಯ ಹೆಣಿಗೆ. ಬುರಾನೊದ ಲೇಸು ಇವೆರಡೂ ಅಲ್ಲ. ಅದು ಬರೀ ಸೂಜಿ ಮತ್ತು ದಾರದ ಕೆಲಸ. ಬಟ್ಟೆಯೇ ಇಲ್ಲದ ಹೊಲಿಗೆ! ಹದಿನಾರನೇ ಶತಮಾನದಲ್ಲಿ ವೆನಿಸ್‌ನ ಹೆಂಗಸರು ಬಟ್ಟೆಯ ಎಳೆಗಳನ್ನು ಕಿತ್ತು, ಉಳಿದ ಎಳೆಗಳಿಗೆ ದಾರ ಸುತ್ತಿ ಜಾಲರಿ ಮಾಡುತ್ತಿದ್ದರು. ಬರಬರುತ್ತ ಬಟ್ಟೆಯನ್ನೇ ಬಿಟ್ಟುಬಿಟ್ಟರು. ಆಗ ಅದಕ್ಕೆ ಬಂದ ಹೆಸರು ‘ಪುಂತೊ ಇನ್ ಆರಿಯಾ’, ಎಂದರೆ ಗಾಳಿಯಲ್ಲಿ ಹಾಕಿದ ಹೊಲಿಗೆ.

ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಅದರಲ್ಲೇ ಆಸಕ್ತಿ. ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆ ಕಾಗದವನ್ನು ಎರಡು ಪದರ ಬಟ್ಟೆಯ ಮೇಲಿಟ್ಟು, ಚಿತ್ರದ ಗೆರೆಯ ಗುಂಟ ದಾರವನ್ನು ಕೂಡಿಸಿ ಹೊಲಿಯುತ್ತಾರೆ. ಇದು ಮನೆ ಕಟ್ಟುವಾಗಿನ ಪಾಯ ಇದ್ದ ಹಾಗೆ. ಇಷ್ಟಾದ ಮೇಲೆ ಸೂಜಿ ಕೆಳಗಿನ ಕಾಗದಕ್ಕೂ ತಾಗುವುದಿಲ್ಲ, ಬಟ್ಟೆಗೂ ತಾಗುವುದಿಲ್ಲ. ಗೆರೆಯ ದಾರದಿಂದ ಗೆರೆಯ ದಾರಕ್ಕೆ ಅಡ್ಡಹಾಯ್ದು, ಒಂದು ಹೊಲಿಗೆಗೆ ಇನ್ನೊಂದನ್ನು ಸಿಕ್ಕಿಸುತ್ತ, ಹೂವಿನ ಒಡಲನ್ನು ತುಂಬಬೇಕು. ಮೂಲ ಹೊಲಿಗೆ ನಿಮಗೆ ಗೊತ್ತಿರುವುದೇ: ಅಂಗಿಯ ಗುಂಡಿಗೆ ಹಾಕುವ ಕಾಜಾ ಹೊಲಿಗೆ. ಅದನ್ನೇ ಒತ್ತೊತ್ತಾಗಿ ಹಾಕಿದರೆ ಎಲೆ, ಬಿಡಿಬಿಡಿಯಾಗಿ ಹಾಕಿದರೆ ಜಾಲ. ಹೂ ಮತ್ತು ಹೂವಿನ ನಡುವಿನ ತೆರವಿಗೆ ಮೀನಿನ ಬಲೆಯಂಥ ಸಣ್ಣ ಕಣ್ಣಿನ ಹೆಣಿಗೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮರದ ಉರುಳೆ, ಅದರ ಮೇಲೆ ಈ ಕೆಲಸ. ಎಲ್ಲ ಮುಗಿದ ಮೇಲೆ ಎರಡು ಬಟ್ಟೆಯ ಪದರಗಳ ನಡುವೆ ಕತ್ತರಿ ಆಡಿಸಿ ಹೊಲಿಗೆಯನ್ನು ಕತ್ತರಿಸುತ್ತಾರೆ. ಲೇಸು ಬಿಡಿಸಿಕೊಂಡು ಮೇಲೆ ಬರುತ್ತದೆ. ಕೆಳಗಿದ್ದ ಬಟ್ಟೆ, ಕಾಗದ ಎಲ್ಲ ಬಿಸಾಡುವ ಸಾಮಾನು.

ನಮ್ಮ ಕಸೂತಿಯಲ್ಲಿ ಹೀಗೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಯಾವುದೇ ಇರಲಿ, ಸೀರೆಯ ಎಳೆ ಎಣಿಸಿ ಹಾಕುತ್ತೀರಿ. ಅಲ್ಲಿ ಎಣಿಸಲು ಎಳೆಯೇ ಇಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಒಬ್ಬಳೇ ಸುರು ಮಾಡಿ ಒಬ್ಬಳೇ ಮುಗಿಸುತ್ತೀರಿ. ಬುರಾನೊದಲ್ಲಿ ಒಂದು ತುಂಡು ಏಳು ಕೈ ದಾಟಬೇಕು. ಗೆರೆಯ ದಾರ ಕೂಡಿಸುವವಳು ಒಬ್ಬಳು, ಎಲೆ ತುಂಬುವವಳು ಮತ್ತೊಬ್ಬಳು, ಬಲೆ ಹೆಣೆಯುವವಳು ಮಗದೊಬ್ಬಳು. ಜೀವಮಾನವೆಲ್ಲ ಅವಳದು ಆ ಒಂದೇ ಹೊಲಿಗೆ. ಹೀಗಾಗಿ ಕೈಗೆ ಬಂದ ನಯ ಎಷ್ಟೋ ಅಷ್ಟೇ ಅಪಾಯವೂ ಇತ್ತು. ಏಳರಲ್ಲಿ ಒಂದು ಕೈ ನಿಂತರೆ ಉಳಿದ ಆರೂ ನಿಂತಂತೆಯೇ.

ಈ ದಾರದ ಜಾಲಕ್ಕಾಗಿ ಒಂದು ಕಾಲಕ್ಕೆ ರಾಜರಾಜರ ನಡುವೆ ಜಗಳವೇ ನಡೆಯಿತು. ಹದಿನಾರನೇ ಶತಮಾನದ ಕೊನೆಗೆ ವೆನಿಸ್ ಗಣರಾಜ್ಯದ ಮುಖ್ಯಸ್ಥನ ಪತ್ನಿ ಮೊರೋಸಿನಾ ಮೊರೋಸಿನಿ 130 ಜನ ಲೇಸುಗಾರ್ತಿಯರ ಕಾರ್ಯಾಗಾರವನ್ನೇ ಇಟ್ಟಿದ್ದಳು. 1591ರಲ್ಲಿ ಚೆಸಾರೆ ವೆಚೆಲ್ಲಿಯೊ ಎಂಬ ಕಲಾವಿದ ಲೇಸಿನ ನಮೂನೆಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ. ಯೂರೋಪಿನ ಶ್ರೀಮಂತರ ಕೊರಳಪಟ್ಟಿ, ತೋಳಿನ ತುದಿ ಎಲ್ಲ ವೆನಿಸ್‌ನ ಲೇಸೇ. ಫ್ರಾನ್ಸಿನ ದುಡ್ಡು ಹೀಗೆ ಹೊರಗೆ ಹರಿದುಹೋಗುವುದನ್ನು ಕಂಡು ಹದಿನಾಲ್ಕನೇ ಲೂಯಿಯ ಮಂತ್ರಿ ಕೊಲ್ಬೇರ್ 1665ರಲ್ಲಿ ತನ್ನ ದೇಶದಲ್ಲೇ ಲೇಸಿನ ಕಾರ್ಖಾನೆಗಳನ್ನು ತೆರೆದ. ಕಲಿಸಲು ವೆನಿಸ್‌ನಿಂದ ಹೆಂಗಸರನ್ನು ಕರೆಸಿಕೊಂಡ. ವೆನಿಸ್ ಸರ್ಕಾರಕ್ಕೆ ಸಿಟ್ಟು ನೆತ್ತಿಗೇರಿತು. ಹೋದವರು ಕೂಡಲೇ ಮರಳಬೇಕು, ಇಲ್ಲವಾದರೆ ಅವರ ಹತ್ತಿರದ ಸಂಬಂಧಿಕರನ್ನು ಸೆರೆಗೆ ಹಾಕಲಾಗುವುದು ಎಂದು ಆಜ್ಞೆ ಹೊರಟಿತು. ಒಂದು ಹೊಲಿಗೆ ಕಲಿತ ತಪ್ಪಿಗೆ ಅಣ್ಣನಿಗೋ ಅಪ್ಪನಿಗೋ ಜೈಲು! ಇಷ್ಟು ಬೆಲೆಬಾಳುವ ಆ ಕೈಗಳಿಗೆ ದಿನಗೂಲಿ ಎಷ್ಟು ಸಿಗುತ್ತಿತ್ತು ಎಂಬ ಬಗ್ಗೆ ಅಂಥ ಆಜ್ಞೆ ಯಾವುದೂ ಹೊರಟಂತೆ ಕಾಣುವುದಿಲ್ಲ.

1797ರಲ್ಲಿ ನೆಪೋಲಿಯನ್ ಮುಂದೆ ವೆನಿಸ್ ಗಣರಾಜ್ಯ ಬಿತ್ತು. ಉಡುಪಿನ ಶೋಕಿ ಬದಲಾಯಿತು, ಮೇಲಿಂದ ಯಂತ್ರದ ಲೇಸು ಬಂತು. ಬುರಾನೊ ಮತ್ತೆ ಬರೀ ಬೆಸ್ತರ ಊರಾಯಿತು.

ಈಗ ನಾನು ನಿಮಗೆ ಹೇಳಲೆಂದೇ ಬಂದ ಭಾಗಕ್ಕೆ ಬರುತ್ತೇನೆ. 1872ರ ಚಳಿಗಾಲ ಭಯಂಕರವಾಗಿತ್ತು. ಹಿನ್ನೀರು ಹೆಪ್ಪುಗಟ್ಟಿತು. ದೋಣಿ ಹೊರಡುವಂತಿಲ್ಲ, ಬಲೆ ಬೀಸುವಂತಿಲ್ಲ. ಊರಿಗೆ ಊರೇ ಉಪವಾಸ ಬಿತ್ತು. ಇಟಲಿಯಲ್ಲೆಲ್ಲ ಚಂದಾ ಎತ್ತಿ ದುಡ್ಡು ಕಳಿಸಿದರು. ಬರೀ ಅನ್ನ ಹಾಕಿದರೆ ಸಾಲದು, ಕಸುಬು ಕೊಡಬೇಕು ಎಂದುಕೊಂಡ ಪಾವುಲೊ ಫಾಂಬ್ರಿ ಎಂಬ ಮುಖಂಡ, ಮೀನಿನ ಬಲೆ ಹೆಣೆಯುವ ಕೆಲಸ ಸುರು ಮಾಡಿಸಿದ. ಬಲೆಗಳೇನೋ ತಯಾರಾದವು. ಕೊಳ್ಳುವವರು ಯಾರು? ಅದೇ ಉಪವಾಸ ಬಿದ್ದ ಬೆಸ್ತರು! ಯೋಜನೆ ಮುಳುಗಿತು. ಸರ್ಕಾರಿ ಯೋಜನೆಗಳನ್ನು ವರದಿ ಮಾಡುತ್ತ ಬಂದಿರುವ ನನಗೆ ಇದು ಅಪರಿಚಿತ ಕಥೆ ಎನಿಸಲಿಲ್ಲ.

ಆಗ ಯಾರಿಗೋ ಲೇಸಿನ ನೆನಪಾಯಿತು. ಹುಡುಕಿದರೆ ಇಡೀ ಊರಿನಲ್ಲಿ ಹಳೆಯ ಹೊಲಿಗೆ ಬರುತ್ತಿದ್ದದ್ದು ಒಬ್ಬಳೇ ಒಬ್ಬಳಿಗೆ. ಚೆಂಚಾ ಸ್ಕಾರ್ಪಾರಿಯೋಲಾ ಎಂಬ ಎಪ್ಪತ್ತು ದಾಟಿದ ಮುದುಕಿ. ಆಕೆಗೆ ಮಾಡಲು ಬರುತ್ತಿತ್ತು, ಹೇಳಿಕೊಡಲು ಬರುತ್ತಿರಲಿಲ್ಲ. ‘ಹೇಗೆ ಹಾಕಿದೆಯಜ್ಜಿ?’ ಎಂದರೆ ‘ಹೀಗೆ’ ಎನ್ನುವ ಜಾತಿ. ನಮ್ಮ ಅವ್ವನೂ ಅದೇ ಪೈಕಿ. ರೊಟ್ಟಿ ಬಡಿಯುವುದನ್ನು ಕಲಿಸೆಂದರೆ ಬಡಿದು ತೋರಿಸುತ್ತಾಳೆ, ಬಾಯಲ್ಲಿ ಒಂದಕ್ಷರ ಹೊರಡುವುದಿಲ್ಲ. ಊರಿನ ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಕಿ ಅನ್ನಾ ಬೆಲ್ಲೋರಿಯೊ ದೆಸ್ತೆ ಎಂಬಾಕೆ ಆ ಮುದುಕಿಯ ಪಕ್ಕದಲ್ಲಿ ಕುಳಿತು, ಬೆರಳು ಹೋದ ದಾರಿಯನ್ನು ನೋಡಿ ನೋಡಿ ಕಲಿತಳು. ಕಲಿತದ್ದನ್ನು ಎಂಟು ಹುಡುಗಿಯರಿಗೆ ಕಲಿಸಿದಳು. ಕೌಂಟೆಸ್ ಆಂದ್ರಿಯಾನಾ ಮಾರ್ಚೆಲ್ಲೊ ಶಾಲೆಯ ಹೊಣೆ ಹೊತ್ತಳು. ಮುಂದೆ ಇಟಲಿಯ ರಾಣಿಯಾದ ಮಾರ್ಗೆರೀತಾ ಬೆನ್ನಿಗೆ ನಿಂತಳು. ಹತ್ತು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅಲ್ಲಿ ಕೆಲಸಕ್ಕಿದ್ದರು. ಶಾಲೆ 1970ರ ಸುಮಾರಿನವರೆಗೂ ನಡೆಯಿತು. ಅದೇ ಕಟ್ಟಡದಲ್ಲಿ 1981ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. 2011ರಲ್ಲಿ ದುರಸ್ತಿಯಾಗಿ ಮತ್ತೆ ಬಾಗಿಲು ತೆಗೆಯಿತು.

ಒಂದು ಕಲೆ ನೂರಾರು ವರ್ಷ ಬಾಳಿ, ಕೊನೆಗೆ ಒಬ್ಬ ಮುದುಕಿಯ ಹತ್ತು ಬೆರಳುಗಳಲ್ಲಿ ಉಳಿದಿತ್ತು ಎಂಬುದನ್ನು ಯೋಚಿಸಿ. ಆ ಚಳಿಗಾಲ ಐದು ವರ್ಷ ತಡವಾಗಿ ಬಂದಿದ್ದರೆ?

ಸಂಗ್ರಹಾಲಯದ ಮೇಲಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಹಳೆಯ ಲೇಸುಗಳಿವೆ. ಬೀಸಣಿಗೆ, ಕೊರಳಪಟ್ಟಿ, ಪಾದ್ರಿಗಳ ನಿಲುವಂಗಿಯ ಅಂಚು. ಒಂದು ಮೂಲೆಯಲ್ಲಿ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಇಬ್ಬರು ವಯಸ್ಸಾದ ಹೆಂಗಸರು ಕೆಲಸ ಮಾಡುತ್ತಿದ್ದರು. ನನ್ನ ಜೋಳಿಗೆಯಲ್ಲಿ ಅವ್ವ ಹಾಕಿಕೊಟ್ಟ ಕಸೂತಿಯ ಕರವಸ್ತ್ರ ಇತ್ತು. ಧೈರ್ಯ ಮಾಡಿ ಅವರಲ್ಲೊಬ್ಬಾಕೆಯ ಮುಂದೆ ಹಿಡಿದೆ. ಆಕೆ ಗೋಪುರದ ಚಿತ್ತಾರವನ್ನು ನೋಡಲೇ ಇಲ್ಲ. ಮೊದಲು ಮಾಡಿದ ಕೆಲಸವೆಂದರೆ ಅದನ್ನು ಹೊರಳಿಸಿದ್ದು. ಹಿಂದೆಯೂ ಅದೇ ಗೋಪುರ, ಎಲ್ಲಿಯೂ ಗಂಟಿಲ್ಲ. ಕನ್ನಡಕ ಏರಿಸಿ ಮತ್ತೆ ಮುಂದೆ ಹೊರಳಿಸಿದರು, ಮತ್ತೆ ಹಿಂದೆ. ಆಮೇಲೆ ಪಕ್ಕದವರಿಗೆ ಕೊಟ್ಟರು. ಅವರೂ ಹೊರಳಿಸಿದರು. ಅಲ್ಲಿದ್ದ ಸಿಬ್ಬಂದಿಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿ ಹೇಳಿದಳು: ‘ಯಾರು ಹಾಕಿದ್ದು, ಅವರ ಕಣ್ಣು ಹೇಗಿದೆ ಎಂದು ಕೇಳುತ್ತಿದ್ದಾರೆ.’ ಅವ್ವನಿಗೆ ಹೋದ ವರ್ಷವೇ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ ಎಂದೆ. ಆಕೆ ತಮ್ಮ ಎರಡು ಬೆರಳು ತೋರಿಸಿದರು. ಎರಡೂ ಕಣ್ಣು.

ನಿಮ್ಮ ನಂತರ ಯಾರು ಎಂದು ಕೇಳಿಸಿದೆ. ಹುಡುಗಿ ಅನುವಾದಿಸುವ ಮೊದಲೇ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ; ಕೈಯನ್ನು ಕಿಟಕಿಯ ಕಡೆ ಬೀಸಿದರು. ಕಿಟಕಿಯ ಹೊರಗೆ ಚೌಕ, ಚೌಕದ ತುಂಬ ಫೋಟೋ ತೆಗೆಸಿಕೊಳ್ಳುತ್ತಿದ್ದ ನನ್ನಂಥ ಪ್ರವಾಸಿಗಳು.

ಗಂಡಸರ ಕಸುಬಿನ ಕಥೆಯೂ ಇದಕ್ಕಿಂತ ಬೇರೆ ಏನಲ್ಲ. ಇಲ್ಲಿಯ ಹಿನ್ನೀರಿನಲ್ಲಿ ‘ಮೊಯೆಕೆ’ ಎಂಬ ಏಡಿ ಹಿಡಿಯುವುದೊಂದು ವಿದ್ಯೆ. ಏಡಿ ವಸಂತದಲ್ಲೂ ಶರತ್ಕಾಲದಲ್ಲೂ ಚಿಪ್ಪು ಕಳಚುತ್ತದೆ. ಹಳೆ ಚಿಪ್ಪು ಹೋಗಿ ಹೊಸದು ಗಟ್ಟಿಯಾಗುವ ನಡುವಿನ ಕೆಲವೇ ಗಂಟೆ ಅದು ಬೆಣ್ಣೆಯಂತೆ ಮೆತ್ತಗಿರುತ್ತದೆ. ಆ ಹೊತ್ತಿಗೆ ಸರಿಯಾಗಿ ನೀರಿನಿಂದ ಎತ್ತಿದರೆ ಬಂಗಾರದ ಬೆಲೆ, ತಡವಾದರೆ ಬರೀ ಏಡಿ. ಬುಟ್ಟಿಗಟ್ಟಲೆ ಏಡಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಇದು ನಾಳೆ ಕಳಚುತ್ತದೆ, ಇದು ನಾಡಿದ್ದು ಎಂದು ನೋಡಿಯೇ ಹೇಳಬೇಕು. ತಂದೆಯಿಂದ ಮಗನಿಗೆ ಬರುವ ಕಣ್ಣು ಅದು. ಈ ನೀರಿಗೆ ಈಗ ಅಮೆರಿಕ ಕರಾವಳಿಯ ಮೂಲದ ನೀಲಿ ಏಡಿ ನುಗ್ಗಿದೆ. ಚಿಪ್ಪುಮೀನು, ಮರಿಮೀನು, ಕೊನೆಗೆ ಬಲೆಯನ್ನೂ ಬಿಡುವುದಿಲ್ಲ. 2023ರ ಬೇಸಿಗೆಯಲ್ಲಿ ಹಾವಳಿ ಎಷ್ಟಾಯಿತೆಂದರೆ ಇಟಲಿ ಸರ್ಕಾರ ಅದನ್ನು ಹಿಡಿದು ವಿಲೇವಾರಿ ಮಾಡಲು 29 ಲಕ್ಷ ಯೂರೋ ತೆಗೆದಿರಿಸಿತು.

ನೀರೂ ಮೊದಲಿನಂತಿಲ್ಲ. 2019ರ ನವೆಂಬರ್ 12ರ ರಾತ್ರಿ ವೆನಿಸ್‌ನಲ್ಲಿ ಉಬ್ಬರ 187 ಸೆಂಟಿಮೀಟರಿಗೆ ಏರಿತು. 1966ರ 194 ಸೆಂಟಿಮೀಟರ್ ಬಿಟ್ಟರೆ ಅದೇ ದೊಡ್ಡದು. ಸಮುದ್ರ ಒಳನುಗ್ಗುವ ಮೂರು ಬಾಯಿಗಳಿಗೆ 78 ಉಕ್ಕಿನ ಬಾಗಿಲುಗಳನ್ನು ಹಾಕಿದ್ದಾರೆ, 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಅವು ಉಬ್ಬರವನ್ನು ತಡೆದವು. ಯೋಜನೆಯ ಹೆಸರು ‘ಮೋಸೆ’. ನಗಬೇಡಿ, 2014ರಲ್ಲಿ ಇದೇ ಯೋಜನೆಯ ಲಂಚದ ಹಗರಣದಲ್ಲಿ ಹಲವರ ಬಂಧನವಾಗಿತ್ತು.

ಈ ಹಿನ್ನೀರಿಗೂ ನಮಗೂ ಹಳೆಯದೊಂದು ನಂಟಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದು, ಅದರ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದ ನಿಕೊಲೊ ಕಾಂಟಿಯ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಿ. ಆತ ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೋಜ್ಜಾ ಎಂಬ ಊರಿನವನು. ಅದೂ ಬೆಸ್ತರ ಊರೇ, ಅಲ್ಲಿಯೂ ಲೇಸು ಉಂಟು. ಬಣ್ಣದ ಮನೆ ಇಲ್ಲದ್ದರಿಂದ ಪ್ರವಾಸಿಗಳು ಕಡಿಮೆ.

ಮರಳಿ ಬರುವ ಮುನ್ನ ಅವ್ವನಿಗೆಂದು ಬುರಾನೊದ ಒಂದು ಅಂಗಡಿಯಲ್ಲಿ ಅಂಗೈಯಗಲದ ಲೇಸಿನ ವೃತ್ತ ಕೊಂಡೆ. ಹದಿನೈದು ಯೂರೋ. ‘ಕೈಕೆಲಸವೇ?’ ಎಂದು ಕೇಳಿದೆ. ‘ಬುರಾನೊ, ಬುರಾನೊ’ ಎಂದರು. ನಾನು ಆಗಲೇ ಯೋಚಿಸಬೇಕಿತ್ತು. ಮೇಲಿನ ಕೋಣೆಯ ಆ ಹೆಂಗಸರು ಇಷ್ಟಗಲ ಮಾಡಲು ಎಷ್ಟೋ ದಿನ ಕೂರಬೇಕು ಎಂದು ಕಣ್ಣಾರೆ ಕಂಡು ಬಂದವಳು, ಹದಿನೈದು ಯೂರೋ ಎಂದರೆ ಅಲ್ಲಿಯ ಒಂದು ಊಟದ ದುಡ್ಡು ಎಂಬ ಲೆಕ್ಕ ಹಾಕಲಿಲ್ಲ. ಬೀದಿಯ ಇಕ್ಕೆಲದ ಅಂಗಡಿಗಳಲ್ಲಿ ರಾಶಿ ಬಿದ್ದಿರುವುದರಲ್ಲಿ ಬಹುಪಾಲು ಹೊರಗಿನಿಂದ ಬಂದ ಯಂತ್ರದ ಮಾಲು ಎಂಬುದು ಅಲ್ಲಿ ಗುಟ್ಟೇನೂ ಅಲ್ಲ. ಅಗ್ಗದ ಮಾಲಿನ ಪಕ್ಕದಲ್ಲೇ ಕೈಯದ್ದನ್ನು ಇಟ್ಟರೆ ಕೊಳ್ಳುವವನ ಕಣ್ಣಿಗೆ ಎರಡೂ ಒಂದೇ. ಆಗ ಎಳೆಯ ಹುಡುಗಿ ಯಾಕೆ ದಿಂಬು ಹಿಡಿದು ಕೂರಬೇಕು? ಬೆಲೆ ಕೇಳಿ ‘ಇಷ್ಟೊಂದೇ?’ ಎನ್ನುವವರಿಗೆ ಸೀರೆ ತೋರಿಸಿ ಸುಸ್ತಾದ ನಿಮಗೆ ಇದನ್ನು ನಾನು ವಿವರಿಸಬೇಕಿಲ್ಲ. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕು ವರ್ಷಗಳಾದವು. ಆದರೂ ಮಷೀನಿನಲ್ಲಿ ಹೊಡೆದ ಗೋಪುರ, ತೇರು ‘ಧಾರವಾಡ ಕಸೂತಿ’ ಎಂಬ ಹೆಸರಿನಲ್ಲೇ ಮಾರಾಟವಾಗುವುದನ್ನು ನೀವು ದಿನಾ ನೋಡುತ್ತೀರಿ.

ಮನೆಗೆ ಬಂದು ಪೊಟ್ಟಣ ಬಿಚ್ಚಿ ಅವ್ವನ ಕೈಗಿಟ್ಟೆ. ಆಕೆ ಹೂವನ್ನು ನೋಡಲಿಲ್ಲ. ಹೊರಳಿಸಿದಳು. ಉಗುರಿನಿಂದ ಒಂದು ಎಳೆ ಎತ್ತಿ ನೋಡಿದಳು.

‘ಎಷ್ಟು ಕೊಟ್ಟಿ?’ ಎಂದಳು.

ಹೇಳಿದೆ.

‘ಇದು ಮಷೀನಿಂದು ನೋಡವಾ. ಆ ಅಜ್ಜೇರು ಮಾಡಿದ್ದಲ್ಲ ಇದು,’ ಎಂದು ಮಡಿಸಿ ಕೊಟ್ಟಳು. ನನ್ನ ಮುಖ ಸಣ್ಣದಾದದ್ದನ್ನು ಕಂಡು ಮತ್ತೆ ಇಸಿದುಕೊಂಡು ಕುಡಿಯುವ ನೀರಿನ ಕೊಡದ ಮೇಲೆ ಮುಚ್ಚಿದಳು. ಈಗಲೂ ಅಲ್ಲೇ ಇದೆ. ಕರವಸ್ತ್ರ ಮಾತ್ರ ನನ್ನ ಹತ್ತಿರ ಇಲ್ಲ. ಬುರಾನೊದ ಆ ಕಿಟಕಿಯ ಬಳಿ ಬಿಟ್ಟು ಬಂದೆ. ಕೊಟ್ಟು ಬಂದೆ ಎಂದಾಗ ಅವ್ವ ಬೈಯಲಿಲ್ಲ. ‘ಆಕಿ ಹಿಂದ ಹೊರಳಿಸಿ ನೋಡಿದ್ಲಾ?’ ಎಂದಷ್ಟೇ ಕೇಳಿದಳು.